ಮಾಲಾಗೆ ಕೊಡದ ಅಂಕ

ಜೂನ್ 9, ಸೋಮವಾರ

ಸರ್ಕಾರದ ಆದೇಶ ಬಂತು. ಹೊಸದಾಗಿ ಶುರುವಾಗುತ್ತಿರುವ ಹಣಕಾಸು ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಮೊದಲ ಅಧ್ಯಕ್ಷರನ್ನು ಆರಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ನಾವು ಮೂವರು. ನಿವೃತ್ತ ಪ್ರಧಾನ ಕಾರ್ಯದರ್ಶಿ ಯೋಗೇಂದ್ರ ಸಮಿತಿಯ ಮುಖ್ಯಸ್ಥರು. ಕಾರ್ಮಿಕ ಇಲಾಖೆಯಲ್ಲಿ ಆಯುಕ್ತರಾಗಿದ್ದ ಚೆಲುವಯ್ಯ ಒಬ್ಬ ಸದಸ್ಯರು. ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಪಾಠ ಮಾಡುವ ನಾನು ಇನ್ನೊಬ್ಬಳು. ನನ್ನ ಹೆಸರಿನ ಮುಂದೆ 'ಮಹಿಳೆ / ಶಿಕ್ಷಣ ಕ್ಷೇತ್ರ' ಎಂದಿದೆ. ಎರಡು ಕುರ್ಚಿಯ ಖರ್ಚು ಒಂದರಲ್ಲಿ ಮುಗಿಸಿದ್ದಾರೆ.

ಸಮರ್ಥನಿಗೆ ತೋರಿಸಿದೆ. ನನ್ನ ಗಂಡನಿಗೆ ಸರ್ಕಾರದ ಸಮಿತಿಗಳ ಬಗ್ಗೆ ಭ್ರಮೆಯಿಲ್ಲ. "ಗೋಡಂಬಿ, ಕಾಫಿ, ಸಹಿ. ಇಷ್ಟೇ ಕಣೇ ನಿನ್ನ ಕೆಲಸ" ಎಂದ.

ಇಷ್ಟೇ ಆಗಬಾರದು. ಬ್ಯಾಂಕು, ವಿಮೆ, ಚಿನ್ನದ ಮೇಲೆ ಸಾಲ ಕೊಡುವ ಕಂಪನಿ ಇವುಗಳಿಂದ ಮೋಸ ಹೋದವರು ಇಷ್ಟು ದಿನ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯುತ್ತಿದ್ದರು. ಈಗ ಅವರಿಗೊಂದು ಕಚೇರಿ ಬರುತ್ತದೆ, ಅದೂ ಮೈಸೂರಿನಲ್ಲೇ. ಕಂಪನಿಗಳನ್ನು ಕರೆಸಿ ಕೇಳುವ, ದಂಡ ಹಾಕುವ ಅಧಿಕಾರ ಅದಕ್ಕಿದೆ. ಆದರೆ ಅಧಿಕಾರ ಕಾಗದದ ಮೇಲಿರುತ್ತದೆ. ಅದನ್ನು ಎತ್ತಿ ಹಿಡಿಯುವ ಕೈ ಗಟ್ಟಿಯಿರಬೇಕು. ಯಾರ ಫೋನಿಗೂ ಹೆದರದವರು ಬೇಕು. ಮೊದಲ ಅಧ್ಯಕ್ಷರು ಹೇಗಿರುತ್ತಾರೋ ಆ ಕಚೇರಿ ಮುಂದೆ ಇಪ್ಪತ್ತು ವರ್ಷ ಹಾಗೇ ಇರುತ್ತದೆ. ಇದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಆಮೇಲೆ ನನಗೆ ನಾನೇ ತೋರಿಸಿಕೊಳ್ಳಲು.

ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂದೇ. ಶಾಲೆಯಿಂದಲೂ ಬರೆದದ್ದೆಲ್ಲ ಇಂಗ್ಲಿಷು. ಅದರಲ್ಲಿ ನನ್ನ ವಾಕ್ಯಗಳು ಮೊದಲೇ ಇಸ್ತ್ರಿಯಾಗಿ ಬರುತ್ತವೆ. ಕನ್ನಡದಲ್ಲಿ ತಡವರಿಸುತ್ತೇನೆ. ತಡವರಿಸಿದರೆ ಸುಳ್ಳು ಕಡಿಮೆಯಾಗಬಹುದು.

ಜೂನ್ 14, ಶನಿವಾರ

ಅರ್ಜಿಗಳು ಬಂದಿವೆ. ಹೆಚ್ಚಿನವು ನಿವೃತ್ತಿಯ ನಂತರ ಒಂದು ಕಾರು, ಒಬ್ಬ ಡ್ರೈವರ್ ಬೇಕೆನ್ನುವವರವು. ಲೆಕ್ಕಕ್ಕೆ ಬರುವವು ಎರಡೇ. ಎರಡೂ ನನಗೆ ಗೊತ್ತಿರುವವರದ್ದೇ.

ಒಂದು ಮಾಲಾ. ಅಶೋಕಪುರಂನ ವಕೀಲೆ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಗ್ರಾಹಕರ ಮೊಕದ್ದಮೆಗಳನ್ನು ಬಿಟ್ಟು ಬೇರೆ ಮುಟ್ಟಿದವಳಲ್ಲ. ಎರಡು ವರ್ಷದ ಹಿಂದೆ ನನ್ನ ಅತ್ತೆಗೆ ಆದದ್ದನ್ನು ಹೇಗೆ ಮರೆಯಲಿ? ಅತ್ತೆ, ಅಂದರೆ ಪಂಕಜಮ್ಮ, ತೀರಿಹೋದ ಮಾವನವರ ಹಣವನ್ನು ಠೇವಣಿ ಇಡಲು ಬ್ಯಾಂಕಿಗೆ ಹೋದರು. ಸಹಿ ಮಾಡಿಸಿಕೊಂಡು ಕಳಿಸಿದ್ದು ವಿಮಾ ಪಾಲಿಸಿ. ಹತ್ತು ವರ್ಷ ಕಂತು ಕಟ್ಟಬೇಕಂತೆ. ಸಹಿ ನಿಮ್ಮದೇ ಅಲ್ಲವೇ ಎಂದರು ಬ್ಯಾಂಕಿನವರು. ನಾನು ಇಂಗ್ಲಿಷಿನಲ್ಲಿ ನಾಲ್ಕು ಮೇಲ್ ಬರೆದೆ, ನಾಲ್ಕಕ್ಕೂ ಸವಿನಯ ಉತ್ತರ ಬಂತು. ಆಗ ಮಾಲಾ ನಮ್ಮ ಕಾಲೇಜಿಗೆ ಉಪನ್ಯಾಸಕ್ಕೆ ಬಂದಿದ್ದಳು. ಕೇಳಿದವಳೇ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಮ್ಯಾನೇಜರ್ ಎದುರು ಕೂತು, ಇಡೀ ಶಾಖೆಗೆ ಕೇಳುವ ಹಾಗೆ ಕೇಳಿದಳು: "ಅಲ್ಲಾ ಸಾರ್, ಎಪ್ಪತ್ತೆರಡು ವರ್ಷದ ಈ ಅಮ್ಮ ಹತ್ತು ವರ್ಷ ಕಂತು ಕಟ್ಟಿ, ಎಂಬತ್ತೆರಡಕ್ಕೆ ಯಾವ ಮಗಳ ಮದ್ವೆ ಮಾಡ್ಬೇಕು ಅಂತ ನಿಮ್ಮ ಅಂದಾಜು?" ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬರು ನಕ್ಕರು. ಅವತ್ತು ಅವಳ ಪಕ್ಕದಲ್ಲಿ ನಿಂತಿದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಗಿತ್ತು! ಆ ತಿಂಗಳೇ ಹಣ ವಾಪಸು ಬಂತು. ಫೀಸು ಎಷ್ಟೆಂದು ಕೇಳಿದರೆ, "ಬುಡಿ ಮೇಡಂ, ಅಮ್ಮ ಕೊಟ್ಟ ಕಾಫಿ ಚೆನ್ನಾಗಿತ್ತು" ಎಂದಳು.

ಇನ್ನೊಂದು ಅರ್ಜಿ ದೊರೆಸ್ವಾಮಿಯವರದ್ದು. ಅದೇ ಬ್ಯಾಂಕಿನಲ್ಲಿ ವಲಯ ಮುಖ್ಯಸ್ಥರಾಗಿ ನಿವೃತ್ತರಾದವರು. ಇಲ್ಲೇ ಯಾದವಗಿರಿಯಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಮನೆ. ಮಾವನವರ ಬೆಳಗಿನ ವಾಕಿಂಗಿನ ಜೊತೆಗಾರರಾಗಿದ್ದವರು. ಅತ್ತೆಗೆ ಆ ಶಾಖೆಗೆ ಹೋಗಿ ಎಂದು ಹೇಳಿದ್ದು ಕೂಡ ಅವರೇ. ಮದುವೆಯಾಗಿ ಬಂದ ದಿನದಿಂದ ಅವರನ್ನು ಮಾಮ ಎಂದೇ ಕರೆದಿದ್ದೇನೆ. ಆದರೆ ಈ ಪುಸ್ತಕದಲ್ಲಿ ಹಾಗೆ ಬರೆಯುವುದಿಲ್ಲ. ಇಲ್ಲಿ ಅವರು ಬರೀ ಒಬ್ಬ ಅಭ್ಯರ್ಥಿ.

ನನ್ನ ಮನಸ್ಸಿನಲ್ಲಿ ಗೊಂದಲವಿಲ್ಲ. ಮಾಲಾ.

ಜೂನ್ 22, ಭಾನುವಾರ

ದೊರೆಸ್ವಾಮಿಯವರು ಬಂದಿದ್ದರು. ವಿಶೇಷವೇನಿಲ್ಲ, ಭಾನುವಾರ ಬರುವುದು ರೂಢಿ. ತಮ್ಮ ತೋಟದ ಬಾದಾಮಿ ಮಾವಿನಹಣ್ಣು ತಂದಿದ್ದರು, ಪ್ರತಿ ವರ್ಷದ ಹಾಗೆ. ಅರ್ಜಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಅವರ ದೊಡ್ಡತನ ಎಂದು ಅತ್ತೆ ಎರಡು ಸಲ ಹೇಳಿದರು.

ಅವರು ಹೋದ ಮೇಲೆ ಮಗಳು ಲಹರಿ ಹಣ್ಣು ತಿನ್ನುತ್ತಾ ತನ್ನ ಅಜ್ಜಿಯನ್ನು ಕೆಣಕಿದಳು. "ಅಜ್ಜೀ, ನಿನ್ನ ತಲೆಗೆ ಪಾಲಿಸಿ ಕಟ್ಟಿದ್ದು ಇವ್ರ ಬ್ಯಾಂಕೇ ಅಲ್ವಾ?"

"ಬ್ಯಾಂಕು ಕಟ್ಟಿದ್ದು ಕಣೇ. ಇವ್ರಲ್ಲ."

"ಬ್ಯಾಂಕಿಗೆ ಯಾರು ಬಾಸು? ಮಾವಿನಹಣ್ಣಾ?"

"ಸಾಕು ಸುಮ್ನಿರು. ಅವ್ರಿಗೂ ಮೇಲಿನೋರು ಟಾರ್ಗೆಟ್ ಅಂತ ಪ್ರಾಣ ಹಿಂಡ್ತಿದ್ರಂತೆ, ಪಾಪ." ಆಮೇಲೆ ನನ್ನ ಕಡೆ ತಿರುಗಿ, "ನಿನಗೇನಮ್ಮ, ಒಂದು ಸಹಿ. ನಮ್ಮೋರು ಒಬ್ರು ಅಲ್ಲಿದ್ರೆ ನಾಳೆ ನಾಲ್ಕು ಜನಕ್ಕೆ ಅನುಕೂಲ" ಎಂದರು.

"ಹಾಗೆಲ್ಲ ಆಗಲ್ಲ ಅತ್ತೆ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ನಾನೂ ಒಂದು ಹಣ್ಣು ತಿಂದೆ. ತುಂಬ ಸಿಹಿಯಿತ್ತು.

ಜುಲೈ 3, ಗುರುವಾರ

ಮೊದಲ ಸಭೆ. ಗೋಡಂಬಿ ಇತ್ತು.

ಯೋಗೇಂದ್ರ ಮೆಲುಮಾತಿನ ಮನುಷ್ಯ. ಯಾರ ಮಾತನ್ನೂ ತುಂಡರಿಸುವುದಿಲ್ಲ. ಮುಗಿಯುವವರೆಗೆ ಕಾದು, ಕೇಳಿಸಿಕೊಳ್ಳದವರ ಹಾಗೆ ತಮ್ಮದನ್ನು ಮುಂದುವರಿಸುತ್ತಾರೆ. ನಾನು ಅಧ್ಯಕ್ಷರು ಗಟ್ಟಿಗರಾಗಿರಬೇಕು ಎಂದೆ. ಅವರು ತಲೆಯಾಡಿಸಿದರು. "ಖಂಡಿತ. ಆದರೆ ಗಟ್ಟಿ ದನಿ ಬೇರೆ, ಗಟ್ಟಿ ನಾಯಕತ್ವ ಬೇರೆ ಅಲ್ಲವೇ ಗಾರ್ಗಿ?"

ಚೆಲುವಯ್ಯ ತಕ್ಷಣ, "ದನಿಯೇ ಇಲ್ದೋರು ನಾಯಕತ್ವ ಎಂಗ್ ಮಾಡ್ತಾರೆ ಸಾರ್? ಸನ್ನೆ ಮಾಡಿಯಾ?" ಎಂದರು. ನನಗೆ ನಗು ಬಂತು. ಯೋಗೇಂದ್ರರಿಗೆ ಬರಲಿಲ್ಲ.

ಆಮೇಲೆ ಯೋಗೇಂದ್ರ ನಿಯಮ ಓದಿದರು. ಅಭ್ಯರ್ಥಿಯೊಡನೆ ವೈಯಕ್ತಿಕ ಸಂಬಂಧವಿದ್ದರೆ, ಅವರಿಂದ ಲಾಭ ಪಡೆದಿದ್ದರೆ ಸದಸ್ಯರು ಘೋಷಿಸಬೇಕು.

ಚೆಲುವಯ್ಯ ಹೇಳಿದರು: "ಮಾಲಾ ನಮ್ಮ ಅಶೋಕಪುರಂ ಹುಡುಗಿ. ಅವರಪ್ಪ ನಾನು ಒಂದೇ ಸ್ಕೂಲು. ಬರ್ಕೊಳಿ."

"ಹಾಗಾದರೆ ದೊರೆಸ್ವಾಮಿ ನನಗೆ ಕ್ಲಬ್ಬಿನಲ್ಲಿ ಟೆನಿಸ್‌ನಲ್ಲಿ ಸೋಲ್ತಾರೆ, ಅದನ್ನೂ ಬರ್ಕೊಳಿ" ಎಂದರು ಯೋಗೇಂದ್ರ. ಈ ಸಲ ಎಲ್ಲರೂ ನಕ್ಕರು. ಇಬ್ಬರೂ ಸಂದರ್ಶನದ ಹೊತ್ತಿಗೆ ಎದ್ದುಹೋಗಬೇಕಿಲ್ಲ ಎಂದಾಯಿತು.

ನನಗೆ ಮಾತ್ರ ಆ 'ಲಾಭ' ಎಂಬ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮಾಲಾ ಫೀಸು ತೆಗೆದುಕೊಳ್ಳಲಿಲ್ಲ. ಅದು ಲಾಭವೇ ತಾನೆ? ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಸಂದೇಹ ಬಂದರೆ ಘೋಷಿಸಿ, ಘೋಷಿಸಿ ಕೆಟ್ಟವರಿಲ್ಲ ಎಂದು.

ಜುಲೈ 5, ಶನಿವಾರ

ಯೋಗೇಂದ್ರರಿಗೆ ಫೋನ್ ಮಾಡಿ ಫೀಸಿನ ವಿಷಯ ಹೇಳಿಬಿಟ್ಟೆ.

"ನಿಮ್ಮಂಥವರು ಈಗ ಎಲ್ಲಿದ್ದಾರೆ ಗಾರ್ಗಿ? ಯಾರೂ ಕೇಳದಿದ್ದರೂ ನೀವಾಗಿ ಹೇಳಿದಿರಿ" ಎಂದರು. ಹೊಗಳಿಕೆಗೆ ಉಬ್ಬುವವಳಲ್ಲ ನಾನು. ಆದರೂ ಆ ಮಾತಿನಲ್ಲಿ ನಿಜವಿಲ್ಲದೆ ಇರಲಿಲ್ಲ.

ದಾರಿಯನ್ನೂ ಅವರೇ ಸೂಚಿಸಿದರು. ಸಮಿತಿ ಬಿಡುವುದು ಬೇಡ. ಮಾಲಾಳ ಸಂದರ್ಶನದ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗುವುದು, ಅವಳಿಗೆ ಅಂಕ ಕೊಡದಿರುವುದು. ಉಳಿದವರಿಗೆ ಕೊಡಬಹುದು. ಕೊನೆಗೆ ಪ್ರತಿಯೊಬ್ಬರಿಗೂ ಸರಾಸರಿ ತೆಗೆಯುತ್ತಾರೆ. "ಯಾರಿಗೂ ಅನ್ಯಾಯ ಆಗಲ್ಲ. ನಿಮ್ಮ ಮನಸ್ಸಿಗೂ ಸಮಾಧಾನ." ಗಣಿತದ ಪ್ರಕಾರ ಸರಿಯಾಗಿಯೇ ಇದೆ.

ದೊರೆಸ್ವಾಮಿಯವರ ವಿಷಯವನ್ನೂ ಹೇಳಬೇಕೇ ಎಂದು ಆಮೇಲೆ ಒಂದು ಗಳಿಗೆ ಅನಿಸಿತು. ಆದರೆ ಹೇಳುವುದೇನನ್ನು? ಅವರಿಂದ ನಾವು ಪಡೆದದ್ದೇನೂ ಇಲ್ಲ. ನೆರೆಹೊರೆ, ಅಷ್ಟೇ. ಯಾದವಗಿರಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹಾಗೆ ನೋಡಿದರೆ ಯಾರೂ ಯಾವ ಸಮಿತಿಯಲ್ಲೂ ಕೂರುವಂತಿಲ್ಲ.

ಜುಲೈ 7, ಸೋಮವಾರ

ಚೆಲುವಯ್ಯನವರಿಗೆ ಹೇಗೋ ಗೊತ್ತಾಗಿದೆ. ಕಾಲೇಜಿಗೇ ಬಂದರು. ಸ್ಟಾಫ್ ರೂಮಿನಲ್ಲಿ ಬೇರೆಯವರಿದ್ದರು. ಹೊರಗೆ ಬೇವಿನ ಮರದ ಕೆಳಗೆ ನಿಂತು ಮಾತಾಡಿದೆವು.

"ಎದ್ದೋಗ್ಬೇಡಿ ಮೇಡಂ. ಕೈ ಮುಗ್ದು ಕೇಳ್ತೀನಿ."

"ನಿಯಮ ಇದೆ ಸರ್. ಅವರಿಂದ ನಾವು ಉಪಕಾರ ಪಡೆದಿದ್ದೇವೆ."

"ಫೀಸ್ ತಗೊಳ್ದೇ ಇರೋದು ಲಂಚ ಎಂಗಾಯ್ತದೆ? ಕೊಟ್ಟೋಳು ಆಗ ಅರ್ಜಿ ಹಾಕಿದ್ಳಾ? ಈ ಪ್ರಾಧಿಕಾರನೇ ಹುಟ್ಟಿರಲಿಲ್ಲ."

"ಹೊರಗಿನವರಿಗೆ ಹೇಗೆ ಕಾಣುತ್ತದೆ ಅನ್ನುವುದೂ ಮುಖ್ಯ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ಯಾವ ಹೊರಗಿನೋರು ಮೇಡಂ? ನೀವು ಕೈ ತೊಳ್ಕೊಳ್ಳಿ, ಬ್ಯಾಡ ಅನ್ನಲ್ಲ. ಆ ನೀರು ಯಾರ ತಲೆ ಮೇಲೆ ಬೀಳ್ತದೆ ಅಂತ ಒಂದ್ಸಲ ಬಗ್ಗಿ ನೋಡ್ಬುಟ್ಟು ತೊಳ್ಕೊಳ್ಳಿ."

ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಅವರಿಗೆ ಮಾಲಾ ಅವರ ಕಡೆಯ ಹುಡುಗಿ. ಅದನ್ನು ಅವರು ತೂಗಿ ನೋಡಿದಂತೆ ಕಾಣಲಿಲ್ಲ. ನಾನಾದರೂ ತೂಗುತ್ತಿದ್ದೇನೆ.

ಆದರೂ ಸಂಜೆಯವರೆಗೆ ಆ ಮಾತು ಬಿಡಲಿಲ್ಲ. ಸಮರ್ಥನನ್ನು ಕೇಳಿದೆ. "ನಿನಗೆ ಮಾಲಾ ಆಗಬೇಕು ಅಂತಿದೆಯಾ, ಇಲ್ಲವಾ?" ಎಂದ. ಆಗಬೇಕು ಎಂದೆ. "ಹಾಗಾದರೆ ಕೂತು ನಂಬರ್ ಹಾಕು" ಎಂದ. ಅವನಿಗೆ ಎಲ್ಲವೂ ಸುಲಭ.

ಜುಲೈ 11, ಶುಕ್ರವಾರ

ಸಂದರ್ಶನ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಇವತ್ತು ಆಷಾಢ ಶುಕ್ರವಾರವೆಂದು ಯಾರಿಗೂ ನೆನಪಿರಲಿಲ್ಲವೋ ಏನೋ. ಬೆಟ್ಟಕ್ಕೆ ಹೋಗುವವರಿಂದ ರಸ್ತೆಗಳೆಲ್ಲ ತುಂಬಿ ಎಲ್ಲರೂ ತಡ. ದೊರೆಸ್ವಾಮಿಯವರು ಮಾತ್ರ ಸಮಯಕ್ಕೆ ಮೊದಲೇ ಬಂದಿದ್ದರು. ಚೆನ್ನಾಗಿ ಮಾತಾಡಿದರು. ಗ್ರಾಹಕರಿಗೂ ಸಂಸ್ಥೆಗಳಿಗೂ ನಡುವೆ ಸೇತುವೆಯಾಗುತ್ತೇನೆ ಎಂದರು. ಚೆಲುವಯ್ಯ, "ಸೇತುವೆ ಮೇಲೆ ಯಾರು ಓಡಾಡ್ತಾರೆ ಸಾರ್, ಗ್ರಾಹಕರಾ ಲಾರಿನಾ?" ಎಂದು ಚುಚ್ಚಿದರು. ಅವರು ಸಿಟ್ಟಾಗಲಿಲ್ಲ. "ಇಬ್ಬರೂ. ಭಾರ ನೋಡಿಕೊಂಡು" ಎಂದು ಮುಗುಳ್ನಕ್ಕರು. ಸಮತೂಕದ ಮನುಷ್ಯ.

ವಯಸ್ಸಾದವರಿಗೆ ಪಾಲಿಸಿ ಮಾರುವುದರ ಬಗ್ಗೆ ಒಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕೇಳಲಿಲ್ಲ. ಅದು ನಮ್ಮ ಮನೆಯ ವಿಷಯ, ಅದನ್ನು ಸಭೆಗೆ ತಂದರೆ ಸೇಡಿನಂತೆ ಕಾಣುತ್ತಿತ್ತು. ಹತ್ತಕ್ಕೆ ಏಳು ಅಂಕ ಕೊಟ್ಟೆ. ಆರೇ ಕೊಡಬೇಕೆಂದಿದ್ದೆ. ಆದರೆ ಪರಿಚಯದವರೆಂದು ಬೇಕಂತಲೇ ಕಡಿಮೆ ಕೊಡುವುದೂ ಪಕ್ಷಪಾತವೇ.

ಮಾಲಾಳ ಸರದಿ ಬಂತು. ನಾನು ಎದ್ದೆ. ಬಾಗಿಲಲ್ಲಿ ಎದುರಾದಳು. ಬೆಟ್ಟದ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಕೊಂಡು, ಇಳಿದು ನಡೆದು ಬಂದಿದ್ದಾಳೆ. ಹಣೆಯೆಲ್ಲ ಬೆವರು.

"ಏನ್ ಮೇಡಂ, ನಾನು ಬರ್ತಿದ್ದಂಗೆ ಓಡೋಗ್ತಿದ್ದೀರ? ಅಷ್ಟು ಭಯನಾ?" ಎಂದು ನಕ್ಕಳು.

ಕಾರಣ ಹೇಳಿದೆ. ನಗು ಮುಖದ ಮೇಲೇ ಉಳಿಯಿತು, ಕಣ್ಣಿನಿಂದ ಹೋಯಿತು. "ಅಮ್ಮನ ಕೇಸಿಗಾ?" ಎಂದಳು. ಅಷ್ಟೇ. ಒಳಗೆ ಹೋದಳು.

ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಹಳೆಯ ತೇಗದ್ದು, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎದ್ದು ದೂರ ಹೋಗಬಹುದಿತ್ತು. ಹೋಗಲಿಲ್ಲ.

ಯೋಗೇಂದ್ರರ ದನಿ: "ನೀವು ಕಂಪನಿಗಳನ್ನು ಶತ್ರುಗಳ ಹಾಗೆ ನೋಡ್ತೀರಿ ಅನ್ನೋ ಅಭಿಪ್ರಾಯ ಇದೆ."

"ಇಲ್ಲ ಸಾರ್. ಟ್ರಾಫಿಕ್ ಪೊಲೀಸ್ ಲಾರಿನ ಶತ್ರು ಅಂದ್ಕೊಂಡಿರ್ತಾನಾ? ಕೈ ಎತ್ತಿದ್ರೆ ನಿಲ್ಬೇಕು. ಅಷ್ಟೇ ಸಾರ್ ನಾನು ಕೇಳೋದು."

ಅಧ್ಯಕ್ಷೆಯಾದರೆ ಮೊದಲ ಕೆಲಸ ಯಾವುದು ಎಂದು ಚೆಲುವಯ್ಯ ಕೇಳಿದರು. ಅವಳು ತನ್ನ ಬೀದಿಯ ಮಂಚಮ್ಮನ ವಿಷಯ ಹೇಳಿದಳು. ಮಗಳ ಹೆರಿಗೆಗೆಂದು ಸರ ಅಡವಿಟ್ಟಿದ್ದ ಮುದುಕಿ. ಮಗ ಬಡ್ಡಿ ಕಟ್ಟುತ್ತಲೇ ಇದ್ದ. ಆದರೂ ಕಂಪನಿ ಸರವನ್ನು ಹರಾಜು ಹಾಕಿದೆ. ನೋಟಿಸ್ ಎಲ್ಲಿ ಎಂದರೆ ಪತ್ರಿಕೆಯಲ್ಲಿ ಕೊಟ್ಟಿದ್ದೇವೆ ಎಂದಿದೆ. ಆ ಪತ್ರಿಕೆ ಅಶೋಕಪುರಂಗೆ ಬರುವುದೇ ಇಲ್ಲ. "ಅಡವಿಟ್ಟೋರ ಕೈಗೆ ನೋಟಿಸ್ ಸೇರಿ, ಅವರು ಓದಿಸ್ಕೊಂಡು ಹೆಬ್ಬೆಟ್ಟೋ ಸಹಿಯೋ ಹಾಕೋವರೆಗೂ ಒಂದು ಗುಂಜಿ ಚಿನ್ನನೂ ಹರಾಜಾಗಬಾರದು. ಮೊದಲನೇ ದಿನದ ಆರ್ಡರ್ ಅದು ಸಾರ್. ಎರಡನೇ ದಿನ ಮಂಚಮ್ಮನ ಫೈಲು."

ಬೆಂಚಿನ ಮೇಲೆ ಕೂತಿದ್ದ ನನಗೆ ಮೈ ಜುಮ್ಮೆಂದಿತು. ಒಳಗಿದ್ದರೆ ಒಂಬತ್ತು ಕೊಡುತ್ತಿದ್ದೆ.

ಎಲ್ಲ ಮುಗಿದು ನಾನು ಮತ್ತೆ ಒಳಗೆ ಹೋದಾಗ ಅಂಕಗಳನ್ನು ಕೂಡುತ್ತಿದ್ದರು. ಮಾಲಾಗೆ ಚೆಲುವಯ್ಯ ಒಂಬತ್ತು ಕೊಟ್ಟಿದ್ದರು, ಯೋಗೇಂದ್ರ ಮೂರು. ಸರಾಸರಿ ಆರು. ದೊರೆಸ್ವಾಮಿಯವರಿಗೆ ಯೋಗೇಂದ್ರ ಒಂಬತ್ತು, ನಾನು ಏಳು, ಚೆಲುವಯ್ಯ ನಾಲ್ಕು. ಆರೂ ಮುಕ್ಕಾಲಿನ ಹತ್ತಿರ.

ನಾನಿದ್ದಿದ್ದರೆ ಒಂಬತ್ತು ಕೊಡುತ್ತಿದ್ದೆ ಎಂದು ಚೆಲುವಯ್ಯನವರಿಗೆ ಮೆಲ್ಲಗೆ ಹೇಳಿದೆ. ಅವರು ಕಾಗದದ ಮೂಲೆಯಲ್ಲಿ ಏನೋ ಲೆಕ್ಕ ಹಾಕಿ ನನ್ನ ಕಡೆ ತಿರುಗಿಸಿದರು. ನನ್ನ ಒಂಬತ್ತು ಸೇರಿದ್ದರೆ ಅವಳದ್ದು ಏಳಾಗುತ್ತಿತ್ತು. ಆಮೇಲೆ ತಟ್ಟೆಯ ಗೋಡಂಬಿಯನ್ನು ನನ್ನ ಕಡೆ ಸರಿಸಿ ಎದ್ದು ಹೋದರು.

ಜುಲೈ 12, ಶನಿವಾರ

ನಾನು ನಿಯಮ ಪಾಲಿಸಿದೆ.

ಜುಲೈ 14, ಸೋಮವಾರ

ಯೋಚಿಸಿದಷ್ಟೂ ಸ್ಪಷ್ಟವಾಗುತ್ತಿದೆ. ಒಳಗೆ ಕೂತಿದ್ದರೂ ಒಂಬತ್ತು ಕೊಡುತ್ತಿದ್ದೆನೇ? ಗೊತ್ತಿಲ್ಲ. ಬಾಗಿಲ ಸಂದಿಯಿಂದ ಕೇಳಿದ ಮಾತು ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ. ಒಬ್ಬ ಮುದುಕಿಯ ಸರದಿಂದ ಇಡೀ ರಾಜ್ಯದ ನೀತಿ ಮಾಡಲಾಗುವುದಿಲ್ಲ. ಗಟ್ಟಿ ದನಿ ಬೇರೆ, ಗಟ್ಟಿ ನಾಯಕತ್ವ ಬೇರೆ. ಬ್ಯಾಂಕಿನಲ್ಲಿ ಆ ದಿನ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದಾಗಲೇ ನನಗೆ ಮುಜುಗರವಾಗಿತ್ತು. ಆ ಮ್ಯಾನೇಜರ್ ಹುಡುಗನ ಮುಖ ಕೆಂಪಗಾದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ, ಪಾಪ.

ಯೋಗೇಂದ್ರ ನಡಾವಳಿಯ ಕರಡು ಬರೆದುಕೊಡಿ ಎಂದಿದ್ದಾರೆ, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಎಂದು. ಬರೆದೆ. 'ಸಮಿತಿಯು ಅತ್ಯುನ್ನತ ನೈತಿಕ ಮಾನದಂಡಗಳನ್ನು ಪಾಲಿಸಿತು' ಎಂಬರ್ಥದ ಒಂದು ವಾಕ್ಯ ಬಂತು. ಅದು ನನ್ನ ಬಗ್ಗೆಯೇ. ಚೆಲುವಯ್ಯ ಭಿನ್ನಾಭಿಪ್ರಾಯ ದಾಖಲಿಸಬೇಕೆಂದು ಪಟ್ಟು ಹಿಡಿದಿದ್ದಾರೆ. ಇಂಥ ಸಮಿತಿಗಳಲ್ಲಿ ಆ ಪದ್ಧತಿಯಿಲ್ಲ, ಎಲ್ಲವೂ ಸರ್ವಾನುಮತ. ಕೊನೆಗೆ 'ವಿವರವಾದ ಚರ್ಚೆಯ ನಂತರ' ಎಂದು ಬರೆದೆ. ಅದರೊಳಗೆ ಅವರದ್ದೂ ಬಂದಂತಾಯಿತು.

ಜುಲೈ 28, ಸೋಮವಾರ

ಆಷಾಢ ಕಳೆಯಲಿ ಎಂದು ಕಾದಿದ್ದರು. ಇವತ್ತು ದೊರೆಸ್ವಾಮಿಯವರ ನೇಮಕದ ಆದೇಶ ಹೊರಬಿತ್ತು. ಅತ್ತೆ ಕೇಸರಿಬಾತ್ ಮಾಡಿ ಎರಡು ರಸ್ತೆ ಆಚೆಗೆ ಕಳಿಸಿದರು. ಡಬ್ಬಿ ತೆಗೆದುಕೊಂಡು ಹೋಗು ಎಂದರೆ ಲಹರಿ, "ಅಮ್ಮ ಹೋಗ್ಲಿ, ಅಮ್ಮಂದೇ ಅಲ್ವಾ ಅಡುಗೆ" ಎಂದಳು. ಈ ವಯಸ್ಸಿನ ಮಕ್ಕಳ ನಾಲಿಗೆಗೆ ಲಂಗುಲಗಾಮಿಲ್ಲ.

ನಾನೇ ಹೋದೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ.

ಆಗಸ್ಟ್ 20, ಬುಧವಾರ

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಾಲಾ ಅವರು ಸಿಕ್ಕರು. ನೋಡದಂತೆ ದಾಟಬಹುದಿತ್ತು. ನಾನು ಹಾಗೆ ಮಾಡುವವಳಲ್ಲ. ನಿಂತು ಮಾತಾಡಿಸಿದೆ. ತುಂಬ ಬೇಸರವಾಯಿತು, ಆದರೆ ನನ್ನ ಸ್ಥಿತಿ ಅರ್ಥ ಮಾಡಿಕೊಳ್ಳುತ್ತೀರಿ ಅಂದುಕೊಳ್ಳುತ್ತೇನೆ ಎಂದೆ.

"ಅರ್ಥ ಆಯ್ತು ಮೇಡಂ" ಎಂದರು. ಮೊಳ ಹಾಕುತ್ತಿದ್ದ ಹೂವಿನವಳಿಗೆ "ಅಳತೆ ಸರಿಯಾಗಿ ಹಾಕಮ್ಮ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಒಂದೇ ಬೇಜಾರು. ಅವತ್ತು ಅಮ್ಮನ ಹತ್ರ ಫೀಸ್ ವಸೂಲಿ ಮಾಡಿದ್ದಿದ್ರೆ ನನಗೆ ಒಂಬತ್ತು ಅಂಕ ಬಂದಿರ್ತಿತ್ತು. ಇನ್ಮುಂದೆ ಎಲ್ಲರ ಹತ್ರನೂ ತಗೋತೀನಿ. ಬಡವರ ಹತ್ರನೂ. ಯಾವತ್ತು ಯಾರು ಸಮಿತಿಲಿ ಕೂರ್ತಾರೋ ಯಾರಿಗ್ಗೊತ್ತು?"

ನಕ್ಕರು. ನಾನೂ ನಗಲು ಪ್ರಯತ್ನಿಸಿದೆ.

ಒಂಬತ್ತು ಎಂದು ಅವರಿಗೆ ಹೇಳಿದವರು ಯಾರು? ಚೆಲುವಯ್ಯನೇ. ಸಮಿತಿಯ ಮಾತು ಹೊರಗೆ ಹೇಳಬಾರದೆಂಬ ನಿಯಮವೂ ಇದೆ. ಅದನ್ನು ಮುರಿದವರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಪಾಲಿಸಿದವಳಿಗೆ ಮಾತ್ರ ಎಲ್ಲರೂ ಹೇಳುತ್ತಾರೆ.

ಹೂವು ತೆಗೆದುಕೊಳ್ಳಲು ಮರೆತು ಬಂದೆ.

ಸೆಪ್ಟೆಂಬರ್ 10, ಬುಧವಾರ

ಪ್ರಾಧಿಕಾರದ ಮೊದಲ ಸುತ್ತೋಲೆ ಬಂದಿದೆ. ದೂರುದಾರರು ಮೊದಲು ಸಂಬಂಧಪಟ್ಟ ಕಂಪನಿಗೇ ಬರೆಯಬೇಕು, ತೊಂಬತ್ತು ದಿನ ಕಾಯಬೇಕು, ಕಂಪನಿಯ ಉತ್ತರದೊಂದಿಗೆ ಬರಬೇಕು. ಕಂಪನಿ ಉತ್ತರವನ್ನೇ ಕೊಡದಿದ್ದರೆ ಏನು ಎಂದು ಸುತ್ತೋಲೆಯಲ್ಲಿಲ್ಲ. ತಕ್ಷಣ ಕಣ್ಣಿಗೆ ಬಿತ್ತು. ಶಿಕ್ಷಕಿಯ ಕಣ್ಣು.

ದೊರೆಸ್ವಾಮಿ ಮಾಮನಿಗೆ ಹೇಳಿದೆ. "ಒಳ್ಳೆ ಪಾಯಿಂಟ್ ಗಾರ್ಗಿ. ಮುಂದಿನದರಲ್ಲಿ ನೋಡೋಣ" ಎಂದರು. ಸಲಹಾ ಮಂಡಳಿಗೆ ಬಾ ಎಂದೂ ಕರೆದರು. ಗೌರವ ಹುದ್ದೆ, ಸಂಬಳವಿಲ್ಲ. ಲಾಭವಿಲ್ಲದ್ದರಿಂದ ಒಪ್ಪಲು ಅಡ್ಡಿಯಿರಲಿಲ್ಲ. ಹೊರಗೆ ನಿಂತು ದೂರುವುದಕ್ಕಿಂತ ಒಳಗಿದ್ದು ತಿದ್ದುವುದು ಮೇಲು.

ಚೆಲುವಯ್ಯ ಈಗ ಫೋನ್ ಎತ್ತುವುದಿಲ್ಲ.

ನವೆಂಬರ್ 6, ಗುರುವಾರ

ಅತ್ತೆ ಮತ್ತೆ ಮಾಡಿಕೊಂಡಿದ್ದಾರೆ. ಬ್ಯಾಂಕಿನಿಂದ ಇಬ್ಬರು ಹುಡುಗರು ಮನೆಗೇ ಬಂದು, ಅಜ್ಜಿ ನಿಮ್ಮ ವಿವರ ಹೊಸದು ಮಾಡಬೇಕು ಎಂದರಂತೆ. ಫೋನಿಗೆ ಬಂದ ನಂಬರನ್ನು ಅತ್ತೆ ಅವರಿಗೆ ಹೇಳಿದರಂತೆ. ಠೇವಣಿ ಪೂರ್ತಿ ಹೋಗಿ ಯಾವುದೋ ಬಾಂಡ್ ಆಗಿದೆ. ನನಗೆ ಗೊತ್ತಾಗಿದ್ದು ನಿನ್ನೆ.

ದೂರು ಬರೆಯಲು ಕೂತೆ. ಮೊದಲು ಬ್ಯಾಂಕಿಗೆ, ಆಮೇಲೆ ತೊಂಬತ್ತು ದಿನ. ಅತ್ತೆ ಅಳುತ್ತಿದ್ದರು. ಸಮರ್ಥ, "ಮಾಲಾಗೆ ಫೋನ್ ಮಾಡಲ್ವಾ?" ಎಂದು ಕೇಳಿದ. ನಾನು ಬರೆಯುತ್ತಲೇ ಇದ್ದೆ. ಅಷ್ಟರಲ್ಲಿ ಅತ್ತೆಯೇ ದೊರೆಸ್ವಾಮಿ ಮಾಮನಿಗೆ ಫೋನ್ ಮಾಡಿಬಿಟ್ಟಿದ್ದರು. "ಅರ್ಜಿ ಗಿರ್ಜಿ ಅಂತ ಯಾಕಮ್ಮ? ನಾಳೆ ಆಫೀಸಿಗೆ ಬಂದುಬಿಡಿ, ಕಾಫಿ ಕುಡಿದು ಹೋಗೀರಂತೆ" ಎಂದರಂತೆ.

ಇವತ್ತು ಹೋದೆವು. ಸಿದ್ಧಾರ್ಥನಗರದಲ್ಲಿ ಕಚೇರಿ. ಮೊದಲ ಸಲ ಹೋಗಿದ್ದು. ಹಜಾರದಲ್ಲಿ ಉದ್ದದ ಬೆಂಚುಗಳು, ತುಂಬ ಜನ, ಎಲ್ಲರ ಕೈಯಲ್ಲೂ ಟೋಕನ್ ಚೀಟಿ. ಬಾಗಿಲ ಬಳಿಯ ಬೆಂಚಿನಲ್ಲಿ ಮಾಲಾ ಅವರು ಕೂತಿದ್ದರು. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು, ಕೊರಳಲ್ಲಿ ಬರೀ ಕರಿಮಣಿಯ ದಾರ.

ಮಾಲಾ ಅವರು ಅತ್ತೆಯನ್ನು ಕಂಡು ತಟ್ಟನೆ ಎದ್ದರು. "ಅಮ್ಮಾ, ಚೆನ್ನಾಗಿದ್ದೀರಾ? ಏನಿದು, ಮತ್ತೆ ಪಾಲಿಸಿನಾ?" ನಿಜವಾದ ಕಾಳಜಿಯಿಂದಲೇ ಕೇಳಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಲಿಸಿ ಅಲ್ಲ ಕಣಮ್ಮ, ಈ ಸಲ ಬಾಂಡು" ಎಂದರು. ಇಬ್ಬರೂ ನಕ್ಕರು.

ಅಟೆಂಡರ್ ಬಂದು, "ಗಾರ್ಗಿ ಮೇಡಂ, ಸಾಹೇಬ್ರು ಕರೀತಿದ್ದಾರೆ" ಎಂದ.

ಆ ಮುದುಕಿ ಕತ್ತೆತ್ತಿ, "ಇವ್ರು ಈಗ ಬಂದ್ರಲ್ಲವ್ವಾ? ನಾನು ಆಗ್ಲಿಂದ ಕುಂತಿವ್ನಿ. ಇವ್ರ ಚೀಟಿ ಮುಂದಾ?" ಎಂದರು.

"ಇವ್ರಿಗೆ ಚೀಟಿ ಬ್ಯಾಡ ಕಣ್ ಮಂಚಮ್ಮ" ಎಂದರು ಮಾಲಾ ಅವರು. ವ್ಯಂಗ್ಯವಿರಲಿಲ್ಲ, ಸಮಯ ಎಷ್ಟೆಂದು ಹೇಳಿದ ಹಾಗೆ ಹೇಳಿದರು. "ಇವ್ರು ಮನೆಯೋರು."

ಒಳಗೆ ಎಲ್ಲವೂ ಬೇಗ ಮುಗಿಯಿತು. ಮಾಮ ಶಾಖೆಗೆ ಒಂದು ಫೋನ್ ಮಾಡಿದರು. ಸಿಟ್ಟಿಲ್ಲ, ಏರುದನಿಯಿಲ್ಲ. "ನಮ್ಮ ಪಂಕಜಮ್ಮ ಅವರದ್ದು, ನೋಡಪ್ಪ ಸ್ವಲ್ಪ" ಎಂದರು, ಅಷ್ಟೇ. ನಾಳೆಯೇ ಹಣ ವಾಪಸು. ಕೆಲಸ ಹೀಗೂ ಆಗುತ್ತದೆ. ಕಾಫಿ ಚೆನ್ನಾಗಿತ್ತು. ಅತ್ತೆ ಕೈ ಮುಗಿದರು. ಅವರ ಮುಖಕ್ಕೆ ಬಣ್ಣ ಬಂದದ್ದು ನೋಡಿ ನನಗೂ ಸಮಾಧಾನವಾಯಿತು.

ಹೊರಗೆ ಒಬ್ಬರು ಮುದುಕಿ ತುಂಬ ಹೊತ್ತಿನಿಂದ ಕಾಯುತ್ತಿದ್ದಾರೆ, ಮಂಚಮ್ಮ ಎಂದು, ಎಂದೆ. ಹೇಳಿದೆ. ಹೇಳದೆ ಇರಲಿಲ್ಲ. ಮಾಮ ಕಂಪ್ಯೂಟರಿನಲ್ಲಿ ಹುಡುಕಿ, "ಚಿನ್ನದ ಹರಾಜಿನದ್ದಾ? ಕಂಪನಿಯ ಉತ್ತರ ಬಂದಿಲ್ಲವಲ್ಲ. ಉತ್ತರ ಇಲ್ಲದೆ ತಗೊಳ್ಳೋ ಹಾಗಿಲ್ಲಮ್ಮ, ನಿಯಮ" ಎಂದರು. ನಿಯಮದ ಬಗ್ಗೆ ನಾನೇನು ಹೇಳಲಿ?

ಸಲಹಾ ಮಂಡಳಿಯ ಮೊದಲ ಸಭೆಯಲ್ಲಿ ಇವತ್ತಿನದನ್ನು ಘೋಷಿಸಬೇಕೇ ಎಂದು ಯೋಚಿಸುತ್ತಿದ್ದೆ. ಆದರೆ ಅರ್ಜಿಯನ್ನೇ ಕೊಟ್ಟಿಲ್ಲ. ಘೋಷಿಸಲು ಏನೂ ಇಲ್ಲ.

ಹೊರಡುವಾಗ ಹಿಂದಿನ ಬಾಗಿಲಿನಿಂದ ಬಂದೆವು. ಕಾರು ಆ ಕಡೆಯೇ ನಿಲ್ಲಿಸಿತ್ತು.